ಮೊದಲು ದಾರಿ, ಆಮೇಲೆ ಗಾದಿ

ಸುಡಾನಿನಲ್ಲಿ ಇಬ್ಬರು ದಂಡನಾಯಕರು ಬಡಿದಾಡಿದರೆ ಹೊಳೆನರಸೀಪುರದ ಅಕ್ಕಿ ಗಿರಣಿಯ ಕೂಲಿಗಾರನಿಗೆ ಆಗಬೇಕಾದ್ದೇನು? ಚನ್ನರಾಯಪಟ್ಟಣದ ಕಾಯಿ ವ್ಯಾಪಾರಿಗೆ ಅದರಿಂದ ನಷ್ಟವೇನು? ಹೀಗೆ ಕೇಳುವ ಮಿತ್ರರು ನಮಗೆ ಬೇಕಾದಷ್ಟು ಮಂದಿ ಇದ್ದಾರೆ. ಪ್ರಶ್ನೆ ತಪ್ಪಲ್ಲ. ತನ್ನ ಮನೆಯ ಮಾಡು ಸೋರುತ್ತಿರುವವನು ದೂರದೂರಿನ ಮಳೆಯ ಸುದ್ದಿಯನ್ನು ಕಿವಿಗೆ ಹಾಕಿಕೊಳ್ಳದಿದ್ದರೆ ಅವನನ್ನು ದೂರಲಾಗದು. ಆದರೂ ಈ ವಾರ ಆ ದೂರದೂರಿನ ಮಾತನ್ನೇ ಎತ್ತಿಕೊಂಡಿದ್ದೇವೆ. ಅದಕ್ಕೆ ಕಾರಣವುಂಟು.

2023ರ ಏಪ್ರಿಲ್ 15ರಂದು ಸುಡಾನಿನ ರಾಜಧಾನಿ ಖಾರ್ಟೂಮಿನಲ್ಲಿ ಗುಂಡಿನ ಕಾಳಗ ಆರಂಭವಾಯಿತು. ಮೂರು ನಾಲ್ಕು ದಿನಗಳೊಳಗೆ ಕರ್ನಾಟಕದ ಪತ್ರಿಕೆಗಳಲ್ಲಿ ಒಂದು ಸುದ್ದಿ ಬಂತು. ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯ ಹಕ್ಕಿಪಿಕ್ಕಿ ಜನ 31 ಮಂದಿ ಆ ದೇಶದ ಪಶ್ಚಿಮ ಭಾಗದ ಎಲ್ ಫಾಶರ್ ಎಂಬ ಊರಿನಲ್ಲಿ ಸಿಕ್ಕಿಕೊಂಡಿದ್ದಾರೆ. ಬಾಡಿಗೆ ಮನೆಯೊಳಗೆ ಬಾಗಿಲು ಹಾಕಿಕೊಂಡು ಕುಳಿತಿದ್ದಾರೆ. ಅನ್ನ ನೀರು ಎರಡಕ್ಕೂ ಗತಿಯಿಲ್ಲ. ಹಕ್ಕಿಪಿಕ್ಕಿಯವರು ನಮಗೆ ಹೊಸಬರೇನಲ್ಲ. ನಮ್ಮ ಜಿಲ್ಲೆಯಲ್ಲೇ, ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯಲ್ಲಿ ಅವರ ಕೇರಿಯಿದೆ. ಅವರ ತಲೆಗೂದಲಿನ ಎಣ್ಣೆ, ಬೇರು ನಾರುಗಳನ್ನು ನಮ್ಮ ಜಾತ್ರೆ ಸಂತೆಗಳಲ್ಲಿ ಕಾಣದವರು ಯಾರು? 1972ರ ವನ್ಯಜೀವಿ ಕಾಯಿದೆಯ ನಂತರ ಬೇಟೆಯ ಕಸುಬು ನಿಂತುಹೋಯಿತು. ಕೈಯಲ್ಲಿ ಉಳಿದದ್ದು ಗಿಡಮೂಲಿಕೆಯ ತಿಳಿವಳಿಕೆ, ಕಾಲಲ್ಲಿ ಉಳಿದದ್ದು ಅಲೆದಾಟದ ಅಭ್ಯಾಸ. ಎರಡನ್ನೂ ನಂಬಿ, ಕೈಸಾಲ ಮಾಡಿ ವಿಮಾನದ ಟಿಕೆಟ್ಟು ಕೊಂಡು ಆಫ್ರಿಕಾದ ಊರೂರು ತಿರುಗಿದವರು ಇವರು. ಪುಟ್ಟ ವ್ಯಾಪಾರಿ ಎಂಬ ಮಾತಿಗೆ ಇವರಿಗಿಂತ ತಕ್ಕವರು ಸಿಕ್ಕಲಾರರು.

ಅವರು ಬದುಕಿ ಬಂದರು. ಏಪ್ರಿಲ್ 24ರಂದು ಭಾರತ ಸರ್ಕಾರ ತೆರವು ಕಾರ್ಯ ಆರಂಭಿಸಿ ಅದಕ್ಕೆ 'ಆಪರೇಷನ್ ಕಾವೇರಿ' ಎಂದು ಹೆಸರಿಟ್ಟಿತು. ಅರಕಲಗೂಡಿನ ರಾಮನಾಥಪುರದಲ್ಲಿ ನಾವು ಮುಳುಗಿ ಏಳುವ ಅದೇ ಕಾವೇರಿ. ರಸ್ತೆಯ ಮೂಲಕ ಪೋರ್ಟ್ ಸುಡಾನ್ ಬಂದರಿಗೆ, ಅಲ್ಲಿಂದ ನೌಕಾಪಡೆಯ ಹಡಗಿನಲ್ಲೋ ವಾಯುಪಡೆಯ ವಿಮಾನದಲ್ಲೋ ಜೆಡ್ಡಾಕ್ಕೆ, ಜೆಡ್ಡಾದಿಂದ ತಾಯ್ನಾಡಿಗೆ. ಹೀಗೆ ಒಟ್ಟು 3,862 ಜನರನ್ನು ಕರೆತಂದರು. ದೊಡ್ಡ ಕೆಲಸ, ಹೊಗಳಲು ನಮಗೆ ಸಂಕೋಚವಿಲ್ಲ. ಆ ನಡುವೆ ಇಲ್ಲಿ ವಿಧಾನಸಭೆಯ ಚುನಾವಣೆ ಬೇರೆ ಇತ್ತು. ಸಿದ್ದರಾಮಯ್ಯನವರು ಹಕ್ಕಿಪಿಕ್ಕಿಗಳನ್ನು ಉಳಿಸಿರೆಂದು ಬರೆದರು, ವಿದೇಶಾಂಗ ಮಂತ್ರಿ ಜೈಶಂಕರರು ಇದರಲ್ಲಿ ರಾಜಕೀಯ ಬೇಡವೆಂದು ಸಿಡುಕಿದರು. ನೀರಿಲ್ಲದೆ ಕುಳಿತವರ ತಲೆಯ ಮೇಲೆ ಎರಡು ಪಕ್ಷಗಳ ಜಟಾಪಟಿ ನಡೆಯಿತು. ಮತ ಎಣಿಕೆಯಾಯಿತು, ಸುಡಾನಿನ ಹೆಸರು ನಮ್ಮ ಪತ್ರಿಕೆಗಳಿಂದ ಮಾಯವಾಯಿತು.

ನಮ್ಮವರು ಬಂದರು, ಸರಿ. ಅವರಿಗೆ ಮನೆ ಬಾಡಿಗೆಗೆ ಕೊಟ್ಟವರು, ಅವರ ಬಳಿ ಎಣ್ಣೆ ಕೊಂಡವರು, ಬೀದಿಯ ಕೊನೆಯಲ್ಲಿ ಅವರಿಗೆ ಚಹ ಕಾಸಿ ಕೊಟ್ಟ ಹೆಂಗಸರು ಏನಾದರು? ಇದನ್ನು ಕೇಳುವ ಹಂಗು ನಮಗಿಲ್ಲವೇ?

ಅವರಿಗೆ ಆದದ್ದನ್ನು ಹೇಳುತ್ತೇವೆ. 2024ರ ಮೇ ತಿಂಗಳಿನಿಂದ ಎಲ್ ಫಾಶರಿಗೆ ಆರ್.ಎಸ್.ಎಫ್. ಎಂಬ ಅರೆಸೈನ್ಯದ ಮುತ್ತಿಗೆ ಬಿತ್ತು. ಹದಿನೇಳು ಹದಿನೆಂಟು ತಿಂಗಳು ಅದು ಸಡಿಲಲಿಲ್ಲ. ಒಳಗೆ ಕಾಳು ಹೋಗದಂತೆ, ಹೊರಗೆ ಜನ ಬಾರದಂತೆ ಊರ ಸುತ್ತ ಹತ್ತಾರು ಕಿಲೋಮೀಟರ್ ಮಣ್ಣಿನ ಏರಿ ಕಟ್ಟಿದರು. ಹಸಿದ ಜನ 'ಅಂಬಾಜ್' ತಿಂದರು. ಅಂಬಾಜ್ ಎಂದರೇನೆಂದು ನಮ್ಮ ಗಾಣದವರಿಗೆ ಬಿಡಿಸಿ ಹೇಳಬೇಕಿಲ್ಲ: ಕಡಲೆಕಾಯಿಯ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ. ನಾವು ಕರೆಯುವ ಹಸುವಿಗೆ ಕಲಸಿಡುವ ಹಿಂಡಿಯನ್ನು ಅಲ್ಲಿ ತಾಯಂದಿರು ಮಕ್ಕಳಿಗೆ ಹಂಚಿದರು. 2025ರ ಅಕ್ಟೋಬರ್ 26ರಂದು ಊರು ಬಿತ್ತು. ಆ ಬಳಿಕದ ದಿನಗಳಲ್ಲಿ ಅಲ್ಲಿನ ಸೌದಿ ಹೆರಿಗೆ ಆಸ್ಪತ್ರೆಯೊಂದರಲ್ಲೇ 460ಕ್ಕೂ ಹೆಚ್ಚು ಜನ, ರೋಗಿಗಳು ಮತ್ತು ಅವರ ಜೊತೆಗಿದ್ದವರು, ಕೊಲೆಯಾದರೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿತು.

ಇದು ಯಾವ ತತ್ವದ ಯುದ್ಧ? ಯಾವುದೂ ಇಲ್ಲ. ಒಂದು ಕಡೆ ಸೇನೆಯ ಜನರಲ್ ಬುರ್ಹಾನ್. ಇನ್ನೊಂದು ಕಡೆ ಹೆಮೆಟ್ಟಿ ಎಂದು ಕರೆಸಿಕೊಳ್ಳುವ ಜನರಲ್ ದಗಾಲೊ. 2019ರಲ್ಲಿ ಸುಡಾನಿನ ಜನ ಬೀದಿಗಿಳಿದು ಮೂವತ್ತು ವರ್ಷದ ಸರ್ವಾಧಿಕಾರಿ ಬಷೀರನನ್ನು ಇಳಿಸಿದರು. 2021ರಲ್ಲಿ ಈ ಇಬ್ಬರೇ ಕೂಡಿ ಜನರ ಕೈಗೆ ಬಂದಿದ್ದ ಅಧಿಕಾರವನ್ನು ಕಸಿದುಕೊಂಡರು. ಕಸಿದುಕೊಂಡದ್ದನ್ನು ಪಾಲು ಮಾಡಿಕೊಳ್ಳುವಾಗ ಜಗಳವಾಯಿತು. ಕಳ್ಳಮಾಲಿನ ಪಾಲಿಗೆ ನಡೆದ ಈ ಜಗಳದಲ್ಲಿ ಒಂದು ಕೋಟಿ ಇಪ್ಪತ್ತು ಲಕ್ಷದಷ್ಟು ಜನ ಮನೆ ಬಿಟ್ಟರು. 2025ರ ಸೆಪ್ಟೆಂಬರಿನಲ್ಲಿ ಎರಡು ಕೋಟಿಗೂ ಮೀರಿದ ಜನ ತೀವ್ರ ಹಸಿವಿನಲ್ಲಿದ್ದರೆಂದು ಅಂತರರಾಷ್ಟ್ರೀಯ ತಜ್ಞರ ಲೆಕ್ಕ. ನಮ್ಮ ಇಡೀ ಹಾಸನ ಜಿಲ್ಲೆಯಂಥ ಹತ್ತಕ್ಕೂ ಹೆಚ್ಚು ಜಿಲ್ಲೆಗಳು ಒಟ್ಟಿಗೆ ಹಸಿದು ಮಲಗಿದಂತೆ.

ಸಂಧಾನ ನಡೆಯಲಿಲ್ಲವೇ? ನಡೆಯಿತು, ಒಂದಾದ ಮೇಲೊಂದು ನಡೆಯಿತು. ಯುದ್ಧ ಶುರುವಾಗಿ ತಿಂಗಳು ತುಂಬುವ ಮೊದಲೇ, 2023ರ ಮೇ 11ರಂದು, ಸೌದಿ ಅರೇಬಿಯಾ ಮತ್ತು ಅಮೆರಿಕದ ಮಧ್ಯಸ್ಥಿಕೆಯಲ್ಲಿ ಎರಡೂ ಕಡೆಯವರು ಜೆಡ್ಡಾದಲ್ಲಿ ರುಜು ಹಾಕಿದರು. ಪ್ರಜೆಗಳನ್ನು ರಕ್ಷಿಸುತ್ತೇವೆ, ಆಸ್ಪತ್ರೆಗಳನ್ನು ಬಿಟ್ಟುಕೊಡುತ್ತೇವೆ, ನೆರವಿನ ಲಾರಿ ತಡೆಯುವುದಿಲ್ಲ ಎಂದು ಅದರಲ್ಲಿ ಬರೆದಿತ್ತು. ಅದಕ್ಕಿಂತ ಒಳ್ಳೆಯ ಕರಾರನ್ನು ನಾವೂ ಬರೆಯಲಾರೆವು. ಶಾಯಿ ಒಣಗುವ ಮುಂಚೆ ಎರಡೂ ಕಡೆಯವರು ಮುರಿದರು, ಮುರಿದವರನ್ನು ಕೇಳುವವರಿರಲಿಲ್ಲ. 2024ರ ಆಗಸ್ಟಿನಲ್ಲಿ ಜಿನೀವಾಕ್ಕೆ ಕರೆದರೆ ಸೇನೆಯವರು ಬರಲೇ ಇಲ್ಲ. ಅದೇ ನವೆಂಬರಿನಲ್ಲಿ ಭದ್ರತಾ ಮಂಡಳಿಯ ಮುಂದೆ ಪ್ರಜೆಗಳ ರಕ್ಷಣೆಯ ಗೊತ್ತುವಳಿ ಬಂತು. ಹದಿನಾಲ್ಕು ಸದಸ್ಯರು ಕೈಯೆತ್ತಿದರು, ರಷ್ಯ ತನ್ನ ವಿಶೇಷಾಧಿಕಾರ ಚಲಾಯಿಸಿ ಹೊಡೆದುಹಾಕಿತು. 2025ರ ಏಪ್ರಿಲ್ 15ರಂದು ಲಂಡನ್ನಿನಲ್ಲಿ ದೊಡ್ಡ ಸಮ್ಮೇಳನ ಕೂಡಿತು. ಅದೇ ವಾರ ಎಲ್ ಫಾಶರ್ ಪಕ್ಕದ ಜಮ್‌ಜಮ್ ನಿರಾಶ್ರಿತರ ಶಿಬಿರಕ್ಕೆ ಬಂದೂಕುಧಾರಿಗಳು ನುಗ್ಗಿದ್ದರು. ಲಂಡನ್ನಿನಲ್ಲಿ ಕುಳಿತವರಿಗೆ ಒಂದು ಜಂಟಿ ಹೇಳಿಕೆ ಹೊರಡಿಸುವಷ್ಟೂ ಒಮ್ಮತ ಬರಲಿಲ್ಲ. ಸೆಪ್ಟೆಂಬರ್ 12ರಂದು ಅಮೆರಿಕ, ಸೌದಿ, ಈಜಿಪ್ಟ್, ಅರಬ್ ಎಮಿರೇಟ್ಸ್ ನಾಲ್ವರೂ ಸೇರಿ ಮೂರು ತಿಂಗಳ ಕದನವಿರಾಮದ ಸೂತ್ರ ಕೊಟ್ಟರು. ಆರ್.ಎಸ್.ಎಫ್.ನವರು ಅದನ್ನು ಒಪ್ಪಿದ್ದು ನವೆಂಬರಿನಲ್ಲಿ, ಎಲ್ ಫಾಶರನ್ನು ನುಂಗಿದ ಮೇಲೆ. ಒಪ್ಪಿದ ಬಳಿಕವೂ ಕೊರ್ಡೊಫಾನ್ ಸೀಮೆಯಲ್ಲಿ ಅವರ ಯುದ್ಧ ನಿಲ್ಲಲಿಲ್ಲ. ಬುರ್ಹಾನರು ಆ ಸೂತ್ರವನ್ನೇ ತಿರಸ್ಕರಿಸಿದರು.

ಈ ಸಂಧಾನಗಳು ಯಾಕೆ ಬಿದ್ದುಹೋದವು? ಪಂಚಾಯಿತಿಗೆ ಕುಳಿತವರಲ್ಲೇ ಕೆಲವರು ಒಂದೊಂದು ಕಡೆಯ ಸಾಹುಕಾರರು. ಎಮಿರೇಟ್ಸ್‌ನಿಂದ ಚಾಡ್ ದೇಶದ ದಾರಿಯಾಗಿ ಆರ್.ಎಸ್.ಎಫ್.ಗೆ ಶಸ್ತ್ರ ಹೋಗುತ್ತಿದೆಯೆಂಬ ಆರೋಪ ನಂಬಲರ್ಹವೆಂದು ವಿಶ್ವಸಂಸ್ಥೆಯ ತಜ್ಞರು 2024ರ ಜನವರಿಯಲ್ಲಿ ಹೇಳಿದರು. ಎಮಿರೇಟ್ಸ್ ಅದನ್ನು ಅಲ್ಲಗಳೆಯುತ್ತಲೇ ಬಂದಿದೆ. ಈಜಿಪ್ಟ್ ಸೇನೆಯ ಬೆನ್ನಿಗಿದೆ. ಸುಡಾನಿನ ನೆಲದಲ್ಲಿ ಚಿನ್ನವಿದೆ. ಎರಡೂ ಕಡೆಯವರು ಅದನ್ನೇ ಅಗೆದು ಮಾರಿ ಯುದ್ಧದ ಖರ್ಚು ತೂಗಿಸುತ್ತಾರೆ. ಅದರ ಬಹುಭಾಗ ದುಬೈ ಪೇಟೆಗೆ ಹೋಗುತ್ತದೆ. ದುಬೈನಿಂದ ನಮ್ಮ ದೇಶಕ್ಕೂ ಚಿನ್ನ ಬರುತ್ತದೆ. 2022ರ ಮೇ 1ರಿಂದ ಜಾರಿಗೆ ಬಂದ ವ್ಯಾಪಾರ ಒಪ್ಪಂದದಲ್ಲಿ ಅದಕ್ಕೆ ಸುಂಕದ ರಿಯಾಯಿತಿಯೂ ಉಂಟು. ಹಾಸನದ ಚಿನ್ನದ ಅಂಗಡಿಯಲ್ಲಿ ಮಗಳ ಮದುವೆಗೆ ಮಾಂಗಲ್ಯ ಮಾಡಿಸುವ ಬಡ ತಂದೆಯನ್ನು ನಾವು ದೂರುತ್ತಿಲ್ಲ. ಅಕ್ಕಸಾಲಿಯನ್ನೂ ದೂರುತ್ತಿಲ್ಲ. ಕರಗಿಸಿದ ಚಿನ್ನಕ್ಕೆ ಊರ ಹೆಸರಿರುವುದಿಲ್ಲ. ಆದರೆ ಸುಂಕದ ಕಟ್ಟೆಯಲ್ಲಿ ಕುಳಿತವರಿಗೆ ಕೇಳುವ ಅಧಿಕಾರವುಂಟು, ಕೇಳಬಹುದು.

ಎರಡನೆಯ ಕಾರಣ ಇನ್ನೂ ಮುಖ್ಯ. ಪ್ರತಿ ಸಂಧಾನದಲ್ಲೂ ಮೊದಲು ಏಳುವ ಪ್ರಶ್ನೆ ಗಾದಿಯದು: ನಾಳೆ ಯಾರು ಆಳತಕ್ಕದ್ದು, ಯಾರ ಪಡೆ ಯಾರೊಳಗೆ ಸೇರತಕ್ಕದ್ದು? ಅದು ಇತ್ಯರ್ಥವಾಗುವವರೆಗೂ ಜನರ ಊಟ ಕಾಯಬೇಕು. ನಮ್ಮ ಹಳ್ಳಿಗಳಲ್ಲಿ ಅಣ್ಣತಮ್ಮಂದಿರು ಹಿಸ್ಸೆಗೆ ನಿಂತಾಗ ತಿಳಿದ ಹಿರಿಯರು ಮೊದಲು ಏನು ಹೇಳುತ್ತಾರೆ? 'ಜಮೀನಿನ ಮಾತು ಆಮೇಲಾಗಲಿ, ಬಾವಿಗೆ ಹಾಕಿದ ಬೇಲಿ ತೆಗೆಯಿರಿ, ಹೆಂಗಸರು ನೀರು ಸೇದಲಿ' ಎನ್ನುತ್ತಾರೆ. ಮೊಕದ್ದಮೆ ಹತ್ತು ವರ್ಷ ನಡೆದರೂ ಬಾವಿ ಮುಚ್ಚಕೂಡದು.

ಇದು ಕೇವಲ ಹಳ್ಳಿಯ ಬುದ್ಧಿ ಎಂದು ದೊಡ್ಡವರು ನಗಬೇಕಾಗಿಲ್ಲ. ಸುಡಾನಿನ ಚರಿತ್ರೆಯೇ ಇದಕ್ಕೆ ಸಾಕ್ಷಿ. 1983ರಿಂದ 2005ರವರೆಗೆ ಆ ದೇಶದ ಉತ್ತರಕ್ಕೂ ದಕ್ಷಿಣಕ್ಕೂ ಇನ್ನೊಂದು ಯುದ್ಧ ನಡೆಯಿತು. 1988ರ ಘೋರ ಕ್ಷಾಮದ ನಂತರ, 1989ರಲ್ಲಿ, ಯುದ್ಧ ನಡೆಯುತ್ತಿರುವಾಗಲೇ ಸರ್ಕಾರವೂ ಬಂಡುಕೋರರೂ ವಿಶ್ವಸಂಸ್ಥೆಗೆ ಮಾತುಕೊಟ್ಟು ಕಾಳಿನ ದಾರಿ ಬಿಟ್ಟರು. ಮುಂದೆ ಆ ಏರ್ಪಾಟನ್ನು ಎರಡೂ ಕಡೆಯವರು ದುರುಪಯೋಗ ಮಾಡಿಕೊಂಡದ್ದುಂಟು. ಆದರೂ ಅದರಿಂದ ಉಳಿದ ಜೀವಗಳು ಉಳಿದವು. 2002ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ನೂಬಾ ಬೆಟ್ಟದ ಸೀಮೆಗೆ ಮಾತ್ರ ಕದನವಿರಾಮವಾಯಿತು, ಅದನ್ನು ಕಾಯಲು ಹೊರಗಿನ ವೀಕ್ಷಕರು ಬಂದರು, ಅದು ನಿಂತಿತು. ಆ ಮಾರ್ಚ್‌ನಲ್ಲಿ ಪ್ರಜೆಗಳ ಮೇಲೆ ದಾಳಿ ಮಾಡಕೂಡದೆಂಬ ಪ್ರತ್ಯೇಕ ಒಪ್ಪಂದವಾಯಿತು, ದೂರು ಬಂದರೆ ವಿಚಾರಿಸುವ ತಂಡವೂ ನೇಮಕವಾಯಿತು. ಪೂರ್ಣ ಶಾಂತಿಯ ಒಪ್ಪಂದ ಬಂದದ್ದು ಮೂರು ವರ್ಷದ ನಂತರ, 2005ರ ಜನವರಿ 9ರಂದು. ಮೊದಲು ದಾರಿ ತೆರೆಯಿತು, ಕೊನೆಯಲ್ಲಿ ಗಾದಿಯ ಮಾತು ಬಂತು. ಜೆಡ್ಡಾದ ಕರಾರಿನಲ್ಲಿ ಇಲ್ಲದಿದ್ದದ್ದು ಯಾವುದು ಎಂದರೆ ನೆಲದ ಮೇಲೆ ನಿಂತು ನೋಡುವ ಆ ಮೂರನೆಯವನು.

ಈಗಿನ ಯುದ್ಧದಲ್ಲೂ ನಿಜವಾದ ಕೆಲಸ ಮಾಡಿದವರು ಸುಡಾನಿನ ಸಾಮಾನ್ಯರೇ. ಬೀದಿ ಬೀದಿಯ ಹುಡುಗ ಹುಡುಗಿಯರು 'ತುರ್ತು ನೆರವಿನ ಕೋಣೆ'ಗಳೆಂಬ ಗುಂಪು ಕಟ್ಟಿಕೊಂಡು ಗಂಜಿಯ ಕಡಾಯಿ ಹೂಡಿದರು, ಗಾಯಾಳುಗಳನ್ನು ಹೊತ್ತರು. ಅವರಿಗೆ 2025ರಲ್ಲಿ ನಾರ್ವೆಯ ರಾಫ್ಟೊ ಪ್ರಶಸ್ತಿ ಬಂತು. ಪ್ರಶಸ್ತಿ ಬಂದ ಅದೇ ವರ್ಷದ ಆರಂಭದಲ್ಲಿ ಅಮೆರಿಕ ತನ್ನ ಧರ್ಮದ ಹಣ ನಿಲ್ಲಿಸಿದ್ದರಿಂದ ನೂರಾರು ಗಂಜಿಮನೆಗಳ ಒಲೆ ಆರಿತ್ತು. ಈ ಹುಡುಗರಿಗೆ ಸಂಧಾನದ ಮೇಜಿನಲ್ಲಿ ಕುರ್ಚಿಯಿಲ್ಲ. ಕುರ್ಚಿ ಬಂದೂಕು ಹಿಡಿದವರಿಗೆ.

'ಕಾಳು ಕಳಿಸಿದರೆ ಸಿಪಾಯಿಗಳೇ ತಿಂದು ಯುದ್ಧ ಬೆಳೆಸುತ್ತಾರೆ' ಎಂಬ ಆಕ್ಷೇಪಣೆ ಉಂಟು. ಸ್ವಲ್ಪ ತಿಂದಾರು. ಆದರೆ ಎಲ್ ಫಾಶರಿನೊಳಗೆ ಕಾಳು ಹೋಗದಿದ್ದಾಗ ಹಸಿದವರು ಸಿಪಾಯಿಗಳಿಗಿಂತ ಮುಂಚೆ ಮಕ್ಕಳು. 'ಪರದೇಶದ ಒಳಜಗಳ, ನಮಗೇಕೆ' ಎಂಬ ದೆಹಲಿಯ ಮಾತನ್ನೂ ಬಲ್ಲೆವು. ಇದು ನಮ್ಮ ಹಳೆಯ ನಡತೆಗೆ ಒಪ್ಪುವ ಮಾತಲ್ಲ. 1953ರಲ್ಲಿ ಸುಡಾನಿನ ಮೊದಲ ಸಂಸತ್ ಚುನಾವಣೆಯನ್ನು ನಡೆಸಿಕೊಟ್ಟವರು ನಮ್ಮ ಮೊದಲ ಚುನಾವಣಾ ಆಯುಕ್ತ ಸುಕುಮಾರ ಸೇನರು. 1955ರಲ್ಲಿ ಬಾಂಡುಂಗ್ ಸಮ್ಮೇಳನಕ್ಕೆ ಬಂದ ಸುಡಾನಿಗೆ ಧ್ವಜವಿರಲಿಲ್ಲ. ನೆಹರೂ ತಮ್ಮ ಕರವಸ್ತ್ರದ ಮೇಲೆ ಆ ದೇಶದ ಹೆಸರು ಬರೆದು ಅದರ ಪೀಠದಲ್ಲಿ ಇಟ್ಟರೆಂದು ಹೇಳುತ್ತಾರೆ. ಅಲ್ಲಿನ ಗೆಜಿರಾ ಬಯಲಿನ ಉದ್ದೆಳೆಯ ಹತ್ತಿ ನಮ್ಮ ಬಟ್ಟೆ ಗಿರಣಿಗಳಲ್ಲಿ ನೂಲಾಗಿದೆ. 2003ರಿಂದ ನಮ್ಮ ಸರ್ಕಾರಿ ತೈಲ ಕಂಪೆನಿ ಅಲ್ಲಿನ ಎಣ್ಣೆ ಬಾವಿಯಲ್ಲಿ ಪಾಲು ಹಾಕಿತ್ತು. ಹತ್ತಿಗೂ ಎಣ್ಣೆಗೂ ಅಡ್ಡಬಾರದ ಪರದೇಶ ಹಸಿವಿಗೆ ಮಾತ್ರ ಅಡ್ಡ ಬರುವುದೆಂತು?

ಭಾರತ ಅಷ್ಟಿಷ್ಟು ಔಷಧಿ ಕಳಿಸಿದ್ದನ್ನು ಅಲ್ಲಗಳೆಯೆವು. ಸಾಲದು. ಅಬುಧಾಬಿಯೊಡನೆ ನಮಗೆ ಗೆಳೆತನವಿದೆ, ಕೈರೋದೊಡನೆಯೂ ಇದೆ, ರಿಯಾದಿನೊಡನೆಯೂ ಇದೆ. ಮೂವರ ಮನೆಯಲ್ಲೂ ಊಟ ಮಾಡುವವನು ಮೂವರಿಗೂ ಒಂದು ಮಾತು ಹೇಳಬಹುದು: ಶಸ್ತ್ರ ನಿಲ್ಲಿಸಿ, ಮುತ್ತಿಗೆ ಬಿದ್ದ ಊರುಗಳಿಗೆ ಲಾರಿ ಬಿಡಿಸಿ, ಚಾಡಿನ ಗಡಿಯ ಅದ್ರೆ ದಾರಿಯನ್ನು ಮುಚ್ಚಗೊಡಬೇಡಿ, ನೂಬಾ ಬೆಟ್ಟದಲ್ಲಿ ನಿಂತಂಥ ವೀಕ್ಷಕರನ್ನು ನಿಲ್ಲಿಸಿ. ಆ ವೀಕ್ಷಕರಲ್ಲಿ ಭಾರತೀಯರೂ ಇರಲಿ. ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ನಮ್ಮ ಸಿಪಾಯಿಗಳು ದಕ್ಷಿಣ ಸುಡಾನಿನಲ್ಲಿ ವರ್ಷಗಟ್ಟಲೆ ದುಡಿದವರು, ಆ ಸೀಮೆಯ ಮಣ್ಣು ಅವರಿಗೆ ಗೊತ್ತು. ನಮ್ಮ ಸರ್ಕಾರಿ ಗೋದಾಮುಗಳ ಗೋಧಿಯಲ್ಲಿ ಒಂದು ಪಾಲು ಪೋರ್ಟ್ ಸುಡಾನಿಗೆ ಹೋಗಲಿ. ಆ 3,862 ಜನರಲ್ಲಿ ಅನೇಕರನ್ನು ಹೊತ್ತು ತಂದ ಹಡಗುಗಳು ಆ ಬಂದರಿನ ದಾರಿಯನ್ನು ಮರೆತಿರಲಾರವು.

ಹಾಸನದ ಗಾರ್ಮೆಂಟ್ಸ್ ಹೆಣ್ಣುಮಕ್ಕಳೂ, ಅರಕಲಗೂಡಿನ ಹೊಗೆಸೊಪ್ಪಿನ ವ್ಯಾಪಾರಿಗಳೂ ಇದನ್ನು ಕೇಳಬಹುದೇ? ಕೇಳಬಹುದು. 2020ರಲ್ಲಿ ಕೊರೋನಾಕ್ಕೆ ದಾರಿ ಮುಚ್ಚಿದಾಗ ತರಕಾರಿ ಕೊಳೆತದ್ದು, ದಿನಗೂಲಿಯ ಮನೆಯಲ್ಲಿ ಒಲೆ ಉರಿಯದಿದ್ದದ್ದು ನಮ್ಮ ಓದುಗರಿಗೆ ನೆನಪಿದೆ. ಕೆಲವು ತಿಂಗಳ ಮುಚ್ಚಿದ ದಾರಿ ಅಷ್ಟು ಮಾಡಿತು. ನಮ್ಮ ಜಿಲ್ಲೆಯ ಸಂಸದರು ಊರಿಗೆ ಬಂದಾಗ ರಸ್ತೆ, ಚರಂಡಿ, ಆಲೂಗೆಡ್ಡೆಯ ಬೆಲೆ ಎಲ್ಲವನ್ನೂ ಕೇಳಿರಿ. ಕೊನೆಗೆ ಇದೊಂದನ್ನೂ ಕೇಳಿರಿ: ಎಲ್ ಫಾಶರಿನಿಂದ ನಮ್ಮವರನ್ನು ಕರೆತಂದ ಮೇಲೆ, ಅಲ್ಲಿ ಉಳಿದವರ ಬಗ್ಗೆ ತಾವು ಲೋಕಸಭೆಯಲ್ಲಿ ಎಷ್ಟು ಪ್ರಶ್ನೆ ಹಾಕಿದ್ದೀರಿ?