ಠೇಲಾದವನಿಗೆ ಚಲಾನು, ಲಾರಿಯವನಿಗೆ ಮೂಸಿ
ಹೈದರಾಬಾದಿನ ಕನ್ನಡ ಪೌರಬಂಧುಗಳಲ್ಲಿ ಒಂದು ವಿಜ್ಞಾಪನೆ



ಮೃಗಶಿರೆ ಹುಟ್ಟುವುದಕ್ಕೆ ಇನ್ನು ಕೆಲವೇ ವಾರಗಳು ಉಳಿದಿವೆ. ಚಾದರಘಾಟಿನಿಂದ ಅಂಬರಪೇಟೆಯವರೆಗೆ ಮೂಸಿಯ ಒಡಲಿನಲ್ಲಿ ರಾತ್ರಿಯ ಲಾರಿಗಳು ಸುರಿದು ಹೋಗಿರುವ ಮಲಬಾ, ಎಂದರೆ ಕೆಡವಿದ ಗೋಡೆಗಳ ಇಟ್ಟಿಗೆ, ಕಾಂಕ್ರೀಟಿನ ತುಂಡು, ಬುನಾದಿ ತೋಡಿದ ಮಣ್ಣು, ಆ ಮಳೆಗೆ ಮುನ್ನ ತೆರವಾಗದೆ ಹೋದರೆ ನೀರು ಯಾವ ಕಡೆಗೆ ನುಗ್ಗುವುದೆಂಬುದನ್ನು ದಂಡೆಯ ಬಡಾವಣೆಗಳಲ್ಲಿ ವಾಸಿಸುವವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಕಾಚಿಗುಡದ ತಿರುವಿನಲ್ಲಿ ಠೇಲಾ ನಿಲ್ಲಿಸಿಕೊಂಡು ಹಣ್ಣು ಮಾರುವವನ ಕಾಲಬಳಿ ನಾಲ್ಕು ಸಿಪ್ಪೆ ಬಿದ್ದಿದ್ದರೆ ಒಡನೆಯೇ ಫೋಟೋ ತೆಗೆದು, ಚಲಾನು ಬರೆದು, ದಿನದ ಸಂಪಾದನೆಯನ್ನೇ ಕಿತ್ತುಕೊಳ್ಳುವ ಶಾಸನಕ್ಕೆ, ನಡುರಾತ್ರಿ ನದಿಗೆ ಬೆನ್ನುಮಾಡಿ ನಿಂತು, ತೊಟ್ಟಿಯನ್ನು ಎತ್ತಿ, ಹತ್ತಾರು ಟನ್ ಮಲಬಾವನ್ನು ಒಂದೇ ಕ್ಷಣದಲ್ಲಿ ಸುರಿದು ಹೋಗುವ ಲಾರಿ ಕಾಣುವುದಿಲ್ಲ. ಈ ಅನ್ಯಾಯವನ್ನು ಕುರಿತೇ ನಾವು ಈ ಕರಪತ್ರವನ್ನು ಹೊರಡಿಸಿದ್ದೇವೆ.

ಮೂಸಿಯ ಕೋಪವೆಂಥದೆಂಬುದನ್ನು ಈ ನಗರ ಮರೆಯಬಾರದು. 1908ರ ಸೆಪ್ಟೆಂಬರ್ 28ರಂದು ಮೇಲಣ ಕೆರೆಗಳ ಕಟ್ಟೆಗಳು ಒಂದರಮೇಲೊಂದು ಒಡೆದು, ಆ ನೀರೆಲ್ಲವೂ ನದಿಗೆ ಕೂಡಿ ಬಂದು ಸಾವಿರಾರು ಜನರನ್ನು ಕೊಚ್ಚಿಕೊಂಡು ಹೋದ ಮೇಲೆ, ನಿಜಾಮ ಸರ್ಕಾರವು ಕರೆಸಿಕೊಂಡದ್ದು ಮುದ್ದೇನಹಳ್ಳಿಯ ನಮ್ಮ ವಿಶ್ವೇಶ್ವರಯ್ಯನವರನ್ನು. ಅವರು 1909ರಲ್ಲಿ ಇಲ್ಲಿಗೆ ಬಂದು ನದಿಯನ್ನೂ ಅದರ ಜಲಾನಯನವನ್ನೂ ಪರಿಶೀಲಿಸಿ, ಪ್ರವಾಹವನ್ನು ಮೇಲೆಯೇ ತಡೆದು ನಿಲ್ಲಿಸುವ ಜಲಾಶಯಗಳನ್ನು ಸೂಚಿಸಿದರು; 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಸಿದ್ಧವಾದವು. ನಗರದೊಳಗಿನ ದಂಡೆಗಳನ್ನು ಎತ್ತರಿಸಿ ಅಲ್ಲಿ ಉದ್ಯಾನಗಳನ್ನು ಬೆಳೆಸಬೇಕೆಂಬುದೂ ಆ ಮಹನೀಯರ ಸಲಹೆಯಾಗಿತ್ತು. ಉದ್ಯಾನವಾಗಬೇಕಾಗಿದ್ದ ಆ ದಂಡೆಯ ಮೇಲೆ ಇಂದು ಮಲಬಾದ ದಿಬ್ಬಗಳು ಬೆಳೆದಿವೆ. ಅವರ ಭಾವಚಿತ್ರಕ್ಕೆ ವರ್ಷವರ್ಷವೂ ಸೆಪ್ಟೆಂಬರ್ 15ರಂದು ಹಾರ ಹಾಕುವ ನಾವು ಇದನ್ನು ನೋಡಿಯೂ ಸುಮ್ಮನಿದ್ದೇವೆ.

ಅದು ಹಳೆಯ ಕಥೆಯೆನ್ನುವವರು 2020ರ ಅಕ್ಟೋಬರ್ 13ರ ರಾತ್ರಿಯನ್ನಾದರೂ ನೆನೆಯಲಿ. ಪಲ್ಲೆ ಚೆರುವು ಒಡೆದಾಗ, ಕೆಲವೇ ದಿನಗಳಲ್ಲಿ ಗುರ್ರಂ ಚೆರುವೂ ಒಡೆದಾಗ, ಹಳೆಯ ಪಟ್ಟಣದ ತಗ್ಗಿನ ಬಸ್ತಿಗಳಲ್ಲಿ ಮನೆಗಳು ಮುಳುಗಿ ಜನ ಸತ್ತರು. ಕೆರೆಯ ಅಂಚನ್ನು ತುಂಬಿದ ಮಣ್ಣು, ನಾಲಾದ ಬಾಯಿಯನ್ನು ಮುಚ್ಚಿದ ಇಟ್ಟಿಗೆ, ಇವು ತಾವಾಗಿ ನಡೆದು ಬಂದುವಲ್ಲ. ಅವನ್ನು ಲಾರಿಗಳೇ ತಂದು ಸುರಿದುವು. ಆ ನಾಲಾ ಮುಚ್ಚಿಹೋದದ್ದು ಬಾಳೆಹಣ್ಣಿನ ಸಿಪ್ಪೆಯಿಂದಲೇನು?

ಅಪರಾಧಿಯನ್ನು ಹಿಡಿಯುವುದು ಕಷ್ಟ, ರಾತ್ರಿಯ ಕತ್ತಲಿನಲ್ಲಿ ಲಾರಿಯ ಸಂಖ್ಯೆ ಕಾಣುವುದಿಲ್ಲ ಎಂಬುದು ಅಧಿಕಾರಿಗಳ ಪೂರ್ವಪಕ್ಷ. ಕತ್ತಲಿನಲ್ಲಿ ಏಕೆ ಹುಡುಕಬೇಕು? ಹಗಲಿನಲ್ಲಿ ತಮ್ಮ ಕಚೇರಿಯ ಕಡತವನ್ನೇ ಬಿಚ್ಚಿ ನೋಡಲಿ. ಹಳೆಯ ಮನೆಯನ್ನು ಕೆಡವಿ ಐದು ಅಂತಸ್ತಿನ ಕಟ್ಟಡವನ್ನು ಎಬ್ಬಿಸುವವನು ಅನುಮತಿಗಾಗಿ ಆ ಕಚೇರಿಯ ಮೆಟ್ಟಿಲನ್ನೇ ಹತ್ತಿದ್ದಾನೆ; ಅವನ ಹೆಸರು, ವಿಳಾಸ, ನಿವೇಶನದ ಅಳತೆ ಎಲ್ಲವೂ ಅಲ್ಲಿ ದಾಖಲಾಗಿವೆ. ದಿನಕ್ಕೆ 20 ಟನ್ನಿಗೆ ಅಥವಾ ಒಂದು ಯೋಜನೆಯಲ್ಲಿ ತಿಂಗಳಿಗೆ 300 ಟನ್ನಿಗೆ ಮೀರಿ ಮಲಬಾ ಹೊರಡಿಸುವವನು, ಅದನ್ನು ಎಲ್ಲಿಗೆ ಸಾಗಿಸುವೆನೆಂಬುದನ್ನು ಕೆಲಸಕ್ಕೆ ಮುಂಚೆಯೇ ತಿಳಿಸಿ ಒಪ್ಪಿಗೆ ಪಡೆಯಬೇಕೆಂದು 2016ರ ಕೇಂದ್ರ ನಿಯಮಾವಳಿಯೇ ವಿಧಿಸಿತ್ತು. ಅದರ ಸ್ಥಾನದಲ್ಲಿ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಇನ್ನೊಂದು ನಿಯಮಾವಳಿಯನ್ನೂ ರಚಿಸಿದ್ದಾರೆ. ಜೀಡಿಮೆಟ್ಲದಲ್ಲಿಯೂ ಫತುಲ್ಲಾಗುಡದಲ್ಲಿಯೂ ದಿನಕ್ಕೆ 500 ಟನ್ನಿನಂತೆ ಮಲಬಾವನ್ನು ಒಡೆದು ಮರಳು ಜಲ್ಲಿಯಾಗಿ ಬೇರ್ಪಡಿಸಬಲ್ಲ ಸ್ಥಾವರಗಳಿವೆ. ನಿಯಮವಿದೆ, ಯಂತ್ರವಿದೆ, ಕಡತದಲ್ಲಿ ಹೆಸರಿದೆ. ಆದರೆ ಆ ಸ್ಥಾವರಗಳಿಗೆ ಹೋದರೆ ಟನ್ನಿಗಿಷ್ಟೆಂದು ಶುಲ್ಕ ತೆರಬೇಕು, ಡೀಸೆಲ್ ಸುಡಬೇಕು. ಮೂಸಿಯಾದರೋ ಹತ್ತಿರದಲ್ಲಿದೆ, ಕೇಳುವವರಿಲ್ಲ. ಲಾರಿ ಮೂಸಿಗೆ ಹೋಗುವ ಕಾರಣ ಇಷ್ಟೇ, ಇದರಲ್ಲಿ ಯಾವ ರಹಸ್ಯವೂ ಇಲ್ಲ.

ನದಿಯ ಪಾತ್ರದ ವಿಷಯದಲ್ಲಿ ಸರ್ಕಾರಕ್ಕೆ ಕಣ್ಣಿಲ್ಲವೆಂದಾದರೂ ಹೇಳುವಂತಿಲ್ಲ. 2024ರಲ್ಲಿ ಇದೇ ಚಾದರಘಾಟಿನ ಕೆಳಗಣ ಬಸ್ತಿಗಳಿಗೆ ಬಂದು, ನದೀಪಾತ್ರದಲ್ಲಿ ಮನೆ ಮಾಡಿಕೊಂಡಿರುವಿರೆಂದು ಹೇಳಿ, ಬಡವರ ಗೋಡೆಗಳ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಬರೆದು ಹೋದರು. ಗೋಡೆಯ ಮೇಲೆ ಬರೆಯಲು ಕುಂಚವಿತ್ತು. ಅದೇ ಪಾತ್ರವನ್ನು ತುಂಬುತ್ತಿರುವ ಲಾರಿಯ ಮೇಲೆ ಬರೆಯುವ ವೇಳೆಗೆ ಬಣ್ಣ ಆರಿಹೋಯಿತೇ? ನದಿಯಲ್ಲಿ ಬಾಳುವವನು ಅತಿಕ್ರಮಣಕಾರನೆಂದ ಮೇಲೆ ನದಿಯನ್ನೇ ಹೂಳುವವನಿಗೆ ಏನೆಂದು ಹೆಸರು?

ಇನ್ನು ನಮ್ಮ ಅಪಾರ್ಟ್‌ಮೆಂಟ್ ಸಂಘಗಳ ಮಹನೀಯರು. ಠೇಲಾಗಳನ್ನು ಎತ್ತಿಸಿ, ಬಸ್ತಿಯವರಿಗೆ ದಂಡ ಹಾಕಿ ಎಂದು ಅರ್ಜಿ ಬರೆಯುವುದರಲ್ಲಿ ಇವರಿಗಿರುವ ಉತ್ಸಾಹವು, ತಾವು ಒಡೆದು ಹೊಸದಾಗಿ ಮಾಡಿಸಿದ ಬಚ್ಚಲುಮನೆಯ ಹಳೆಯ ಟೈಲುಗಳು ಯಾವ ನಾಲಾದಲ್ಲಿ ಮಲಗಿವೆಯೆಂದು ವಿಚಾರಿಸುವುದರಲ್ಲಿ ಇಲ್ಲ. ಕೊಳಕೆಲ್ಲವೂ ಹೊರಗಿನಿಂದ ಬಂದ ಕೂಲಿಗಳದೆಂದು ಇವರಲ್ಲಿ ಕೆಲವರು ಬಾಯಿಬಿಟ್ಟೇ ಹೇಳುತ್ತಾರೆ. ಯಾದಗಿರಿ, ರಾಯಚೂರು, ಕಲಬುರಗಿಗಳಿಂದ ಮಕ್ಕಳನ್ನು ಕಟ್ಟಿಕೊಂಡು ಬಂದು ಇವರ ಕಟ್ಟಡಗಳಿಗೆ ಗಾರೆ ಹೊರುವ ನಮ್ಮ ಜನಕ್ಕೆ ಲಾರಿಯುಂಟೇ, ಗುತ್ತಿಗೆಯುಂಟೇ? ಹೊರೆಯನ್ನು ತಲೆಯ ಮೇಲೆ ಹೊತ್ತವನೇ ಕಳಂಕವನ್ನೂ ಹೊರಬೇಕೆನ್ನುವ ಈ ಮಾತನ್ನು ಕನ್ನಡಿಗರಾದ ನಾವು ಕೇಳಿಕೊಂಡು ಕೂರುವುದಿಲ್ಲ. ಬೀದಿಯ ಕಸದ ತೊಟ್ಟಿಗಳನ್ನು ಎತ್ತಿ ಹಾಕಿದ ಮೇಲೆ, ಸ್ವಚ್ಛ ಆಟೊ ನುಗ್ಗಲಾರದ ಸಂದಿಯಲ್ಲಿ ಬಾಳುವವನು ತನ್ನ ಮನೆಯ ಕಚರಾವನ್ನು ಎಲ್ಲಿ ಹಾಕಬೇಕೆಂಬುದಕ್ಕೆ ಉತ್ತರವನ್ನು ಈ ಅರ್ಜಿದಾರರೇ ಕೊಡಲಿ.

ನಮ್ಮವರಲ್ಲಿಯೇ ಕೆಲವರು ಬೆಂಗಳೂರಿನ ಉದಾಹರಣೆಯನ್ನು ಎತ್ತುತ್ತಾರೆ. 2025ರ ಅಕ್ಟೋಬರಿನಲ್ಲಿ ಅಲ್ಲಿ ಬೀದಿಗೆ ಕಸ ಎಸೆದವರ ಮನೆಗಳನ್ನು ಪತ್ತೆಹಚ್ಚಿ, ಅವರ ಬಾಗಿಲ ಮುಂದೆಯೇ ಕಸವನ್ನು ಸುರಿದು ದಂಡ ಹಾಕಿದರಂತೆ, ಇಲ್ಲಿಯೂ ಹಾಗೆಯೇ ಆಗಲಿ ಎನ್ನುತ್ತಾರೆ. ಆಗಲಿ, ನಮ್ಮ ಅಭ್ಯಂತರವಿಲ್ಲ. ಆದರೆ ಮೊದಲ ಲಾರಿ ಯಾರ ಬಾಗಿಲಿಗೆ ಹೋಗುವುದೆಂಬುದು ಇಂದೇ ಗೊತ್ತಾಗಲಿ. ಮೂಸಿಯಿಂದ ಎತ್ತಿದ ಮಲಬಾವನ್ನು ಅದು ಹೊರಟ ಕಟ್ಟಡದ ಮಾಲೀಕನ ಅಂಗಳಕ್ಕೆ ಹಿಂದಿರುಗಿಸುವ ಎದೆಗಾರಿಕೆ ಈ ಸಲಹೆಗಾರರಿಗಿದ್ದರೆ ಅವರ ಮೆರವಣಿಗೆಯ ಮುಂದೆ ನಾವೇ ನಡೆಯುತ್ತೇವೆ. ಅದಿಲ್ಲದೆ ಪೊರಕೆ ಹಿಡಿದು ಫೋಟೋ ತೆಗೆಸಿಕೊಳ್ಳುವವರ ಸಂಗ ನಮಗೆ ಬೇಡ.

ಜವಾಹರನಗರದ ಹೆಸರನ್ನು ಹೇಳದೆ ಈ ಮಾತು ಪೂರ್ಣವಾಗದು. ಸುಮಾರು 339 ಎಕರೆಯ ಆ ಕಸದ ಅಂಗಳದಲ್ಲಿ ನಗರವೇ ವರ್ಷಾನುಗಟ್ಟಲೆ ಒಟ್ಟಿದ ಸುಮಾರು 1 ಕೋಟಿ 20 ಲಕ್ಷ ಟನ್ ಕಸಕ್ಕೆ ಕೊನೆಗೆ ಮೇಲುಹೊದಿಕೆ ಹಾಕಿ ಮುಚ್ಚಬೇಕಾಯಿತು. ಅದರಿಂದ ಜಿನುಗಿದ ಕಪ್ಪು ರಸವು ಮಲ್ಕಾರಂ ಕೆರೆಯನ್ನು ಕೆಡಿಸಿತು. ದಮ್ಮಾಯಿಗುಡದ ಜನರು ಆ ದುರ್ಗಂಧದಲ್ಲಿಯೇ ಉಣ್ಣುತ್ತಾರೆ, ಮಲಗುತ್ತಾರೆ. ಆ ಅಪರಾಧಕ್ಕೆ ಯಾರ ಕೈಗೆ ಚಲಾನು ಕೊಟ್ಟರು?

ಆದುದರಿಂದ ಪೌರಸಂಸ್ಥೆಯ ಮುಂದೆ ನಮ್ಮ ಬೇಡಿಕೆಯು ಸ್ಪಷ್ಟವಾಗಿದೆ. ದಂಡವು ಕೆಳಗಿನಿಂದಲ್ಲ, ಮೇಲಿನಿಂದ ಆರಂಭವಾಗಲಿ. ಮಲಬಾ ಎಲ್ಲಿಗೆ ಹೋಯಿತೆಂಬುದಕ್ಕೆ ಸ್ಥಾವರದ ರಶೀದಿಯನ್ನು ತೋರಿಸದವನ ಕಟ್ಟಡದ ಕೆಲಸ ನಿಲ್ಲಲಿ. ಕಾಚಿಗುಡ, ಬರ್ಕತ್‌ಪುರ, ನಲ್ಲಕುಂಟಗಳ ಕನ್ನಡ ಮನೆತನಗಳು ಈ ವಿಜ್ಞಾಪನೆಯನ್ನು ತಮ್ಮ ತೆಲುಗು ಹಾಗೂ ಉರ್ದು ನೆರೆಯವರಿಗೂ ಓದಿ ಹೇಳಲಿ. ದಂಡೆಯ ಮೇಲೆ ರಾತ್ರಿ ಲಾರಿಯನ್ನು ಕಂಡವರು ಅದರ ಸಂಖ್ಯೆಯನ್ನೂ ಹೊತ್ತನ್ನೂ ಸ್ಥಳವನ್ನೂ ಬರೆದು ವಾರ್ಡಿನ ಕಚೇರಿಗೆ ಕೊಟ್ಟು, ಕೊಟ್ಟದ್ದಕ್ಕೆ ಮೊಹರು ಹಾಕಿಸಿಕೊಳ್ಳಿ. ವಾರ ಕಳೆದ ಮೇಲೆ ಮತ್ತೆ ಹೋಗಿ, ಆ ಲಾರಿಯ ಮಾಲೀಕನಿಗೂ ಅದನ್ನು ಕಳುಹಿಸಿದ ಕಟ್ಟಡದ ಮಾಲೀಕನಿಗೂ ಏನು ಮಾಡಿದಿರೆಂದು ಕೇಳಿ. ಉತ್ತರ ಬರುವವರೆಗೆ ಕಚೇರಿಯ ಬಾಗಿಲನ್ನು ಬಿಟ್ಟು ಕದಲಬೇಡಿ.