ರೂಲು ಸರಿಯಿತ್ತು, ಪಟ್ಟಿ ಹಳೆಯದಿತ್ತು

ಬಹಳ ದಿನದಿಂದ ಈ ಕಡೆ ತಲೆ ಹಾಕಿರಲಿಲ್ಲ. ಆಫೀಸಿನ ಕೆಲಸವೇ ಕಾರಣ. ಇವತ್ತು ಆ ಕೆಲಸದ ಬಗ್ಗೆಯೇ ಸ್ವಲ್ಪ ಕೊರೀತೀನಿ, ಸಹಿಸಿಕೊಳ್ಳಿ :)

ಕಂಪ್ಯೂಟರಿನಲ್ಲಿರೋ ಮಾಹಿತಿಯನ್ನು ಯಾರು ನೋಡಬಹುದು ಅಂತ ಹುದ್ದೆಯ ಮೇಲೆ ನಿರ್ಧರಿಸೋದು ಒಂದು ಪದ್ಧತಿ. 1992ರಲ್ಲಿ ಫೆರಾಯೊಲೊ ಮತ್ತು ಕೂನ್ ಇದರ ಬಗ್ಗೆ ಪ್ರಬಂಧ ಬರೆದರು. ನರ್ಸಾ? ಸರಿ, ರೋಗಿಗಳ ದಾಖಲೆ ನೋಡಬಹುದು. ಆದರೆ ಆಸ್ಪತ್ರೆಯಲ್ಲಿರೋ ಎಲ್ಲಾ ರೋಗಿಗಳದ್ದೂ ಯಾಕೆ? ಅದಕ್ಕೇ ಆಟ್ರಿಬ್ಯೂಟ್, ಅಂದರೆ ಗುಣಲಕ್ಷಣ ನೋಡಿ ಬಾಗಿಲು ತೆಗೆಯೋ ಪದ್ಧತಿ ಬಂತು. ನರ್ಸ್ ಆಗಿರಬೇಕು, ಅದೇ ವಾರ್ಡಿನವರಾಗಿರಬೇಕು, ಈಗ ಡ್ಯೂಟಿಯಲ್ಲಿರಬೇಕು... ಹೀಗೆ. ಇಂಥ ರೂಲು ಬರೆಯೋಕೆ 2003ರಲ್ಲಿ ಎಕ್ಸ್‌ಎಸಿಎಂಎಲ್ ಅನ್ನೋ ಭಾಷೆ ಬಂತು. 2014ರಲ್ಲಿ ಅಮೆರಿಕದ ನಿಸ್ಟ್ ಸಂಸ್ಥೆ ಒಂದು ಮಾರ್ಗದರ್ಶಿಯನ್ನೂ ತಂದಿತು.

ಒಂದು ಆಸ್ಪತ್ರೆಗೆ ಇಂಥದೇ ರೂಲು ನಾನೇ ಬರೆದಿದ್ದೆ. ಟೆಸ್ಟೆಲ್ಲಾ ಪಾಸು! ಒಂದು ರಾತ್ರಿ ಇಬ್ಬರು ನರ್ಸುಗಳು ಬಾಯಿಮಾತಲ್ಲೇ ಡ್ಯೂಟಿ ಅದಲುಬದಲು ಮಾಡಿಕೊಂಡರು. ಪಟ್ಟಿ ತಿದ್ದಿದ್ದು ಮರುದಿನ. ರೋಗಿಗೆ ಯಾವ ಔಷಧಿ ಒಗ್ಗಲ್ಲ ಅಂತ ನೋಡಹೋದಾಕೆಗೆ 'ಅನುಮತಿ ಇಲ್ಲ' ಅಂತ ಬಂತು. ಅನುಮತಿ ಇದ್ದದ್ದು ಮನೇಲಿ ಮಲಗಿದ್ದವರಿಗೆ. ಡಾಕ್ಟರನ್ನು ಎಬ್ಬಿಸಿ ಕೇಳಿ ಹೇಗೋ ನಿಭಾಯಿಸಿದರು. ಬೆಳಿಗ್ಗೆ ನಾನು ಹೇಳಿದ್ದೇನು ಗೊತ್ತಾ? "ರೂಲು ಸರಿಯಾಗೇ ಕೆಲಸ ಮಾಡಿದೆ". ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತೆ.

ನನ್ನ ಅಭಿಪ್ರಾಯ ಇಷ್ಟೇ. ರೂಲು ಬರೆಯೋದು ಸುಲಭ, ಆಟ್ರಿಬ್ಯೂಟ್ ಸಾಕೋದು ಕಷ್ಟ. ಆಟ್ರಿಬ್ಯೂಟ್ ಸಿಗದೇ ಹೋದರೆ ಎಕ್ಸ್‌ಎಸಿಎಂಎಲ್‌ನಲ್ಲಿ ಕನಿಷ್ಠ 'ನಿರ್ಧರಿಸಲಾಗದು' ಅನ್ನೋ ಉತ್ತರವಾದರೂ ಇದೆ. ಹಳಸಿದ್ದು ಸಿಕ್ಕರೆ? ಧೈರ್ಯವಾಗಿ ತಪ್ಪು ಉತ್ತರ ಕೊಡುತ್ತೆ. ನಿಸ್ಟ್‌ನವರು 2019ರಲ್ಲಿ ಬರೀ ಆಟ್ರಿಬ್ಯೂಟ್ ಬಗ್ಗೆಯೇ ಇನ್ನೊಂದು ಪುಸ್ತಿಕೆ ತಂದದ್ದು ಸುಮ್ಮನೆ ಅಲ್ಲ.

ಹಾಗಾಗಿ ರೂಲಿಗೆ ಮುಂಚೆ ಮೂರು ಪ್ರಶ್ನೆ ಕೇಳಿ. ಇದನ್ನು ತುಂಬೋರು ಯಾರು? ಬದಲಾದರೆ ಎಷ್ಟು ಹೊತ್ತಿಗೆ ನಮಗೆ ತಲುಪುತ್ತೆ? ತಪ್ಪಿದ್ದರೆ ಏನು ದಾರಿ? ಉತ್ತರ ಇಲ್ಲದ ಆಟ್ರಿಬ್ಯೂಟ್ ರೂಲಿನಲ್ಲಿ ಬೇಡವೇ ಬೇಡ. ಇನ್ನೊಂದು ಮಾತು, ಡ್ಯೂಟಿ ಪಟ್ಟಿ ತಿದ್ದೋ ಗುಮಾಸ್ತರ ಕೈಲೇ ನಿಜವಾದ ಬೀಗದ ಕೈ ಇರೋದು. ಆ ಪಟ್ಟಿಗೆ ಕಾವಲು ಇದೆಯಾ?

'ಅನುಮಾನ ಬಂದರೆ ಬಾಗಿಲು ಹಾಕು' ಅನ್ನೋದು ಸೆಕ್ಯುರಿಟಿಯವರ ಹಳೇ ಪಾಠ. ತಪ್ಪಲ್ಲ. ಆದರೆ ಆಸ್ಪತ್ರೆಗೆ ಅದೊಂದೇ ಸಾಲದು. ಬೆಂಕಿ ಬಿದ್ದಾಗ ಗಾಜು ಒಡೆಯೋ ಹಾಗೆ ಒಂದು ತುರ್ತು ದಾರಿ ಬೇಕು. ಕಾರಣ ಬರೆದು ಒಳಗೆ ಹೋಗಲಿ, ಹೋದದ್ದು ದಾಖಲಾಗಲಿ, ಮರುದಿನ ಅದನ್ನು ಒಬ್ಬರು ಕೂತು ಓದಲಿ. ಓದೋರೇ ಇಲ್ಲದಿದ್ದರೆ ಅದು ಹಿತ್ತಿಲ ಬಾಗಿಲಾಗುತ್ತೆ, ಅಷ್ಟೆ.

ಆ ರೂಲಿಗೆ ಈಗ ತುರ್ತು ದಾರಿ ಸೇರಿಸಿದ್ದೀವಿ. ದಿನಾ ಬೆಳಿಗ್ಗೆ ದಾಖಲೆ ಓದೋರು ಯಾರು ಅನ್ನೋ ಚರ್ಚೆ ಮಾತ್ರ ಇನ್ನೂ ಮುಗಿದಿಲ್ಲ. ನಿಮ್ಮಲ್ಲಿ ಯಾರು ಓದ್ತಾರೆ?