ಮಾದಕವಸ್ತು ಪರೀಕ್ಷೆ ಮತ್ತು ನೌಕರನ ಮಾನ

ಕೆಲವು ವರ್ಷಗಳ ಹಿಂದಿನ ಮಾತು. ಕಾರ್ಖಾನೆಯೊಂದರ ವಾಹನ ಚಾಲಕನಾಗಿದ್ದ ತರುಣನು ತಾಯಿಯೊಡನೆ ನನ್ನ ಚಿಕಿತ್ಸಾಲಯಕ್ಕೆ ಬಂದನು. ಸಂಸ್ಥೆಯವರು ಮುನ್ಸೂಚನೆಯಿಲ್ಲದೆ ನಡೆಸಿದ ಮಾದಕವಸ್ತು ಪರೀಕ್ಷೆಯಲ್ಲಿ ಅವನ ಮೂತ್ರದಲ್ಲಿ ಗಾಂಜಾ ವರ್ಗದ ಅಂಶ ಕಂಡುಬಂದಿತ್ತು. ಸುದ್ದಿಯು ಸಂಜೆಯೊಳಗೆ ಸಹೋದ್ಯೋಗಿಗಳಿಗೂ ಮರುದಿನ ಊರಿಗೂ ತಲುಪಿತ್ತು. "ನನ್ನ ಮಗ ಬೀಡಿ ಕೂಡ ಮುಟ್ಟಿದವನಲ್ಲ ಡಾಕ್ಟ್ರೇ" ಎಂದು ತಾಯಿ ಕಣ್ಣೀರಿಟ್ಟರು.

ನನ್ನ ದಾಖಲೆ ಪುಸ್ತಕವನ್ನು ತೆರೆದು ನೋಡಿದೆನು. ಗ್ರಹಣಿ ರೋಗಕ್ಕೆಂದು ಅವನಿಗೆ ಜಾತೀಫಲಾದಿ ಚೂರ್ಣವನ್ನು ಕೊಟ್ಟವನು ನಾನೇ. ಅದರಲ್ಲಿ ಭಂಗಿ ಸೊಪ್ಪು ಪ್ರಧಾನ ದ್ರವ್ಯ. ಅವನ ಉದ್ಯೋಗವೇನೆಂದು ನಾನು ಕೇಳಿರಲಿಲ್ಲ; ವಾಹನ ನಡೆಸಬೇಡವೆಂದು ಎಚ್ಚರಿಸಿರಲೂ ಇಲ್ಲ. ತಪ್ಪು ನನ್ನದು, ಅಪಮಾನ ಅವನದಾಯಿತು.

ಇಂತಹ ಪರೀಕ್ಷೆಗಳೇ ಕೂಡದೆಂದು ನಾನು ಹೇಳುವುದಿಲ್ಲ. ನೂರಾರು ಜನರ ಪ್ರಾಣ ಯಾರ ಕೈಯಲ್ಲಿದೆಯೋ ಅವರು ಅಮಲಿನಿಂದ ಮುಕ್ತರಾಗಿರಬೇಕೆಂದು ಸಮಾಜವು ಬಯಸುವುದು ನ್ಯಾಯವೇ ಆಗಿದೆ. ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2022ರ ಜನವರಿ 31ರಿಂದ ವಿಮಾನ ಸಿಬ್ಬಂದಿ ಮತ್ತು ವಿಮಾನ ಸಂಚಾರ ನಿಯಂತ್ರಕರ ಪೈಕಿ ವರ್ಷಕ್ಕೆ ಕನಿಷ್ಠ ಶೇ. 10ರಷ್ಟು ಮಂದಿಯನ್ನು ಯಾದೃಚ್ಛಿಕವಾಗಿ ಪರೀಕ್ಷಿಸುವ ನಿಯಮವನ್ನು ಜಾರಿಗೆ ತಂದಿತು. ಮೊದಲ ಬಾರಿ ದೋಷ ದೃಢಪಟ್ಟವರನ್ನು ಕರ್ತವ್ಯದಿಂದ ದೂರವಿರಿಸಿ ವ್ಯಸನಮುಕ್ತಿ ಕೇಂದ್ರಕ್ಕೆ ಕಳುಹಿಸುವುದು ಅದರ ಕ್ರಮ. ಶಿಕ್ಷೆಗಿಂತ ಚಿಕಿತ್ಸೆಯನ್ನು ಮುಂದಿಟ್ಟಿರುವುದು ಮೆಚ್ಚತಕ್ಕದ್ದು.

ಆದರೆ ಮೂತ್ರ ಪರೀಕ್ಷೆಯು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಅರಿಯಬೇಕು. ಗಾಂಜಾ ಅಂಶವು ಅಮಲು ಇಳಿದ ಮೇಲೂ ಹಲವು ದಿನ, ನಿತ್ಯ ಸೇವಿಸುವವರಲ್ಲಿ ವಾರಗಟ್ಟಲೆ, ಮೂತ್ರದಲ್ಲಿ ಉಳಿಯುತ್ತದೆ. ಆದುದರಿಂದ ಈ ಪರೀಕ್ಷೆಯು ಹಿಂದಿನ ಸೇವನೆಯನ್ನು ತೋರಿಸೀತೇ ಹೊರತು ಆ ಹೊತ್ತಿನ ಮತ್ತನ್ನಲ್ಲ. ಕೊಡೀನ್ ಇರುವ ಕೆಮ್ಮಿನ ಔಷಧವು ದೇಹದಲ್ಲಿ ಭಾಗಶಃ ಮಾರ್ಫಿನ್ ಆಗಿ ಮಾರ್ಪಡುತ್ತದೆ. ನಮ್ಮ ಮನೆಗಳ ಗಸಗಸೆ ಪಾಯಸವೂ ಅಫೀಮಿನ ಅಂಶವನ್ನು ತೋರಿಸಬಲ್ಲದು. ಗಸಗಸೆಯ ಈ ಗೊಂದಲದ ಕಾರಣದಿಂದಲೇ ಅಮೆರಿಕದ ಕೇಂದ್ರ ಸರ್ಕಾರವು 1998ರಲ್ಲಿ ತನ್ನ ನೌಕರರ ಪರೀಕ್ಷೆಯ ಮಿತಿಯನ್ನು ಮಿಲಿಲೀಟರಿಗೆ 300 ನ್ಯಾನೊಗ್ರಾಂನಿಂದ 2000ಕ್ಕೆ ಏರಿಸಿತು.

ಎರಡನೆಯ, ಸೂಕ್ಷ್ಮತರ ಪರೀಕ್ಷೆಯೊಂದೇ ಇದಕ್ಕೆ ಪರಿಹಾರವಲ್ಲ. ಆ ತರುಣನ ದೇಹದಲ್ಲಿ ಭಂಗಿಯ ಅಂಶ ನಿಜವಾಗಿಯೂ ಇತ್ತು; ಹತ್ತು ಸಲ ಪರೀಕ್ಷಿಸಿದರೂ ಅದೇ ಉತ್ತರ ಬರುತ್ತಿತ್ತು. ಅದು ಏಕೆ ಬಂದಿತೆಂದು ಅವನನ್ನು ಏಕಾಂತದಲ್ಲಿ ಕೇಳುವ ವೈದ್ಯರೊಬ್ಬರು ಬೇಕಾಗಿತ್ತು.

ಖಾಸಗಿತನದ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಸರ್ಕಾರವು ಅದನ್ನು ಮಿತಿಗೊಳಿಸಬೇಕಾದರೆ ಕಾನೂನಿನ ಆಧಾರವಿರಬೇಕು, ಉದ್ದೇಶ ಯೋಗ್ಯವಾಗಿರಬೇಕು, ಕ್ರಮವು ಉದ್ದೇಶಕ್ಕೆ ತಕ್ಕ ಪ್ರಮಾಣದಲ್ಲಿರಬೇಕು. ಖಾಸಗಿ ಮಾಲೀಕರೂ ಈ ಅಳತೆಗೋಲನ್ನು ತಾವಾಗಿಯೇ ಹಿಡಿಯುವುದು ಒಳಿತು. ಬಸ್ಸು, ಕ್ರೇನು ನಡೆಸುವವರನ್ನು ಪರೀಕ್ಷಿಸುವುದು ಉಚಿತ. ಲೆಕ್ಕ ಬರೆಯುವವರನ್ನೆಲ್ಲ ಸರದಿಯಲ್ಲಿ ನಿಲ್ಲಿಸುವುದು ಪ್ರಮಾಣ ಮೀರಿದ್ದು. ನಿದ್ರಾಹೀನತೆಗೋ ಆತಂಕಕ್ಕೋ ಮಾತ್ರೆ ಸೇವಿಸುವವನ ಗುಟ್ಟು ವೈದ್ಯನ ಬಳಿ ಉಳಿಯಬೇಕೇ ಹೊರತು ಮೇಲ್ವಿಚಾರಕನ ಮೇಜಿಗೆ ಹೋಗಬಾರದು. "ಯೋಗ್ಯ" ಅಥವಾ "ಸದ್ಯಕ್ಕೆ ಯೋಗ್ಯನಲ್ಲ" ಎಂಬ ಒಂದು ಮಾತು ಮಾಲೀಕನಿಗೆ ಸಾಕು.

ಸದ್ಭಕ್ತರಲ್ಲಿ ನನ್ನ ವಿನಂತಿಯಿಷ್ಟೇ. ಇಂತಹ ಉದ್ಯೋಗದಲ್ಲಿರುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಿರಿ. ಆಯುರ್ವೇದ ಔಷಧಗಳಲ್ಲಿ ಅಪಾಯವಿಲ್ಲವೆಂಬ ಭ್ರಮೆ ಬೇಡ. ಭಂಗಿ, ಅಫೀಮು ಸೇರಿದ ಔಷಧಗಳನ್ನು ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಸೇವಿಸಬೇಕೆಂಬ ಎಚ್ಚರಿಕೆ ಅವುಗಳ ಮೇಲೆಯೇ ಇರುತ್ತದೆ. ಔಷಧ ಚೀಟಿಯನ್ನು ಜೋಪಾನವಾಗಿಡಿರಿ. ಕಾರ್ಖಾನೆ, ಶಾಲಾ ವಾಹನಗಳನ್ನು ನಡೆಸುವ ಭಕ್ತರೂ ನಮ್ಮಲ್ಲಿ ಅನೇಕರಿದ್ದಾರೆ. ಪರೀಕ್ಷೆ ಮಾಡಿಸಿರಿ, ಆದರೆ ನೌಕರನ ಮಾತನ್ನು ಕೇಳುವ ಮೊದಲು ಅವನ ಹೆಸರನ್ನು ಹೊರಗೆಡಹಬೇಡಿರಿ.

ನಾನು ಬರೆದುಕೊಟ್ಟ ಪತ್ರದಿಂದ ಆ ತರುಣನಿಗೆ ಕೆಲಸವೇನೋ ಮರಳಿ ದೊರೆಯಿತು. ಆದರೆ ಊರಿನವರ ಬಾಯಿಗೆ ಬಿದ್ದ ಮಾತನ್ನು ಹಿಂದಕ್ಕೆ ತರುವುದು ನನ್ನ ಪತ್ರದಿಂದಾಗಲಿಲ್ಲ. ಅಂದಿನಿಂದ ನಾಡಿ ನೋಡುವ ಮುನ್ನ ರೋಗಿಯ ಕಾಯಕವೇನೆಂದು ಕೇಳುತ್ತಿದ್ದೇನೆ.